ಮೊದಲ ಆಟೋಕ್ರಾಸ್‌ಗೆ ಸಲಹೆಗಳು: ಅಕ್ಕ ಒಪ್ಪದ ಕರಡು

1

ಎಲ್ಲಿಂದ ಶುರು ಮಾಡುವುದು? ಇದು ಬರೆಯುವವನ ಪ್ರಶ್ನೆಯಲ್ಲ, ಗೋಳು. ಕಾರು ಹುಚ್ಚಿನವರ ಕ್ಲಬ್ಬೊಂದು ಹೊರತರುವ ಪತ್ರಿಕೆಯ ಸಂಪಾದಕರು ಅವನಿಗೆ ಫೋನ್ ಮಾಡಿ, "ಮೊದಲ ಸಲ ಆಟೋಕ್ರಾಸ್‌ಗೆ ಬರೋರಿಗೆ ಒಂದಿಷ್ಟು ಸಲಹೆ ಬರ್ಕೊಡಿ. ಸಿಂಪಲ್ಲಾಗಿರ್ಲಿ. ನಿಮ್ಮ ಸಾಹಿತ್ಯ ಎಲ್ಲ ಬೇಡ" ಎಂದಿದ್ದರು. ಸಾಹಿತ್ಯ ಬೇಡ ಎಂದು ಹೇಳಿಸಿಕೊಂಡಾಗಿನಿಂದ ಅವನ ಕೈ ಓಡುತ್ತಿಲ್ಲ.

ಮೊದಲ ಕರಡು ಹೀಗಿತ್ತು: 'ಆಟೋಕ್ರಾಸ್ ಎಂದರೆ ವಿಶಾಲವಾದ ಖಾಲಿ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಅಂಕುಡೊಂಕು ದಾರಿ ಮಾಡಿ, ಅದರೊಳಗೆ ಒಂದು ಸಲಕ್ಕೆ ಒಂದೇ ಕಾರನ್ನು ಬಿಟ್ಟು, ಎಷ್ಟು ಬೇಗ ಹೊರಬರುತ್ತದೆ ಎಂದು ನೋಡುವ ಸ್ಪರ್ಧೆ. ದಿನಾ ಓಡಿಸುವ ಕಾರೇ ಸಾಕು. ಕೋನ್ ಬೀಳಿಸಿದರೆ ನಿಮ್ಮ ಸಮಯಕ್ಕೆ ಎರಡು ಸೆಕೆಂಡ್ ಸೇರುತ್ತದೆ. ದಾರಿ ತಪ್ಪಿದರೆ ಆ ಸುತ್ತು ಲೆಕ್ಕಕ್ಕಿಲ್ಲ.'

ಒಂದಕ್ಷರ ಸುಳ್ಳಿಲ್ಲ. ಓದಿದರೆ ಆಕಳಿಕೆ ಬರುತ್ತದೆ. ಹರಿದು ಹಾಕಿದ. (ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಹರಿಯಲು ಬರುವುದಿಲ್ಲ, ನಿಜ. ಆದರೆ ಡಿಲೀಟ್ ಮಾಡಿದ ಎಂದರೆ ಸಿಟ್ಟು ಬಂದಿತ್ತು ಅಂತ ನಿಮಗೆ ಗೊತ್ತಾಗುವುದು ಹೇಗೆ?)

ಎರಡನೇ ಕರಡು: 'ಎಂಜಿನ್ ಗರ್ಜಿಸಿತು. ಸ್ಟೀರಿಂಗ್ ಹಿಡಿದ ಅಕ್ಕನ ಕಣ್ಣಲ್ಲಿ ಬೆಂಕಿ ಉರಿಯುತ್ತಿತ್ತು.'

("ಗರ್ಜನೆ ಎಲ್ಲಿತ್ತು? ಕೆಮ್ತಿತ್ತು ಅದು," ಎಂದಳು ಅಕ್ಕ. "ಕಣ್ಣು ಉರೀತಿದ್ದಿದ್ದು ನಿಜ. ಸನ್‌ಸ್ಕ್ರೀನ್ ಒಳಗೆ ಇಳಿದಿತ್ತು.")

ಓದುಗರೇ, ಈಗ ನಡುವೆ ಬಾಯಿ ಹಾಕಿದವಳೇ ಈ ಕಥೆಯ ಅಕ್ಕ. ಇನ್ನು ಮುಂದೆಯೂ ಹಾಕುತ್ತಾಳೆ. ಬರೆಯುವವನು ತಡೆದು ನೋಡಿದ್ದಾನೆ, ಆಗಲಿಲ್ಲ.

2

ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ. ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಳ್ಳುವುದಕ್ಕೆ ಮುಂಚಿನಿಂದ ಅವಳು ಕೂತಿರುವುದು ಪಕ್ಕದ ಸೀಟಿನಲ್ಲಿ, ಕಾಲಡಿಗೆ ತನ್ನದೇ ಒಂದು ಬ್ರೇಕ್ ಇಟ್ಟುಕೊಂಡು. ಊರಿನ ಅರ್ಧ ಜನ ಕ್ಲಚ್ ಬಿಡಲು ಕಲಿತದ್ದು ಅವಳ ಬೈಗುಳದ ತಾಳಕ್ಕೆ. ಆ ಬ್ರೇಕ್ ಅವಳ ಮೈಗೆ ಎಷ್ಟು ಹತ್ತಿದೆಯೆಂದರೆ ಬಸ್ಸಿನಲ್ಲಿ ಕೂತರೂ ಕಾಲು ನೆಲವನ್ನು ಒತ್ತುತ್ತದೆ. ಯಾರಾದರೂ ವೇಗವಾಗಿ ಮಾತಾಡಿದರೂ ಒತ್ತುತ್ತದೆ.

ತಮ್ಮ ಲಿಫ್ಟ್ ರಿಪೇರಿಯವನು. ಮನೆಯಲ್ಲಿ ಅವನಿಗೆ ಗಾಳಿ ಎಂದು ಅಡ್ಡಹೆಸರು. ನಡೆಯಲು ಕಲಿಯದೆ ನೇರ ಓಡಲು ಕಲಿತವನು ಎಂದು ಅಮ್ಮ ಹೇಳುತ್ತಿದ್ದಳು. ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಅವನ ವಾಸ. ವಾರವೆಲ್ಲ ಕತ್ತಲ ಗೂಡುಗಳಲ್ಲಿ ತಂತಿಗೆ ಗ್ರೀಸ್ ಹಚ್ಚುವುದು, ರಜೆ ಸಿಕ್ಕಾಗ ತನ್ನ ಹಳೆಯ ಕೆಂಪು ಕಾರಿನಲ್ಲಿ ಆಟೋಕ್ರಾಸ್. ಇಷ್ಟೇ ಅವನ ಪ್ರಪಂಚ. ಕ್ಲಬ್ಬಿನಲ್ಲಿ ಅವನಷ್ಟು ಸಲೀಸಾಗಿ ಕೋನ್‌ಗಳ ನಡುವೆ ನುಸುಳುವವರು ಇನ್ನೊಬ್ಬರಿರಲಿಲ್ಲ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ.

ಒಂದು ಬೆಳಗ್ಗೆ ತಿಂಡಿ ತಿನ್ನುವಾಗ ಅವನ ಕೈಯಿಂದ ಚಮಚ ಜಾರಿತು. ಅಕ್ಕ "ಏನೋ ಅದು" ಎನ್ನುತ್ತ ತಿರುಗುವಷ್ಟರಲ್ಲಿ ಅವನು ಕುರ್ಚಿಯಿಂದ ನೆಲಕ್ಕುರುಳಿ, ಹಲ್ಲು ಕಚ್ಚಿಕೊಂಡು, ಕೈಕಾಲು ಅದುರಿಸುತ್ತಿದ್ದ.

ಫಿಟ್ಸ್ ಎಂದರು ಡಾಕ್ಟರು. "ಮಾತ್ರೆ ತಪ್ಪಿಸ್ಬೇಡಿ. ಒಂದು ವರ್ಷ ಮತ್ತೆ ಬರದೇ ಇದ್ರೆ ಡ್ರೈವಿಂಗ್ ಬಗ್ಗೆ ಮಾತಾಡೋಣ. ಅಲ್ಲೀವರೆಗೂ ಕೀ ಮುಟ್ಟೋ ಹಾಗಿಲ್ಲ."

ಕಂಪನಿಯವರು ಅವನನ್ನು ಲಿಫ್ಟ್ ಗೂಡಿನಿಂದ ತೆಗೆದು, ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಕೂರಿಸಿದರು. ಗಾಳಿ ನಿಂತುಹೋಯಿತು. ಕೆಲಸದಿಂದ ಬಂದವನೇ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಅಕ್ಕ ಬೈದಳು, ರಮಿಸಿದಳು, ಊಟ ಮೇಲಕ್ಕೆ ಒಯ್ದು ಕೊಟ್ಟಳು, ಒಯ್ಯದೆ ಹಟ ಹಿಡಿದಳು. ಏನೂ ನಡೆಯಲಿಲ್ಲ.

ಆಮೇಲೊಂದು ಸಂಜೆ ಅವನೇ ಕೆಳಗಿಳಿದು ಬಂದು ಕೇಳಿದ: "ಈ ಸಲದ ಆಟೋಕ್ರಾಸ್‌ಗೆ ನೀನು ಓಡಿಸ್ತೀಯಾ? ಕಾರು ನಂದು, ಕೈ ನಿಂದು. ಹೊಸಬರ ಪಕ್ಕದಲ್ಲಿ ಕೂತು ಹೇಳ್ಕೊಡೋಕೆ ಬಿಡ್ತಾರೆ. ನಾನು ಕೂರ್ತೀನಿ."

ಅವನನ್ನು ಹಾಸಿಗೆಯಿಂದ ಎಬ್ಬಿಸುವುದಾದರೆ ಆನೆ ಓಡಿಸು ಎಂದಿದ್ದರೂ ಅಕ್ಕ ಒಪ್ಪುತ್ತಿದ್ದಳು.

2 (ಮತ್ತೆ, ಸಂಪಾದಕರು ಕೇಳಿದ ಸಲಹೆಗಳು ಇನ್ನೂ ಬಂದಿಲ್ಲವಲ್ಲ)

ಸಲಹೆ: ಹಿಂದಿನ ದಿನವೇ ಕಾರು ಖಾಲಿ ಮಾಡಿ. ಸಡಿಲವಾದದ್ದು ಏನೂ ಇರಬಾರದು.

"ಛತ್ರಿ ತೆಗಿ ಅಕ್ಕ."

"ಇರ್ಲಿ ಬಿಡೋ, ಮಳೆ ಬಂದ್ರೆ?"

"ತಿರುವಲ್ಲಿ ಹಾರಿ ಬಂದು ತಲೆಗೆ ಬಡಿಯುತ್ತೆ."

"ಛತ್ರಿ ಹಾರೋ ಅಷ್ಟು ಜೋರಾಗಿ ಯಾಕೆ ಓಡಿಸ್ಬೇಕು?"

ತಮ್ಮ ಹಣೆ ಹಣೆ ಚಚ್ಚಿಕೊಂಡ. ಆದರೆ ನಗುತ್ತ ಚಚ್ಚಿಕೊಂಡ, ಅದನ್ನು ಅಕ್ಕ ನೋಡಿದಳು. ಛತ್ರಿ ಹೊರಗೆ ಹೋಯಿತು. ನೀರಿನ ಕ್ಯಾನು, ಬಿಸ್ಕತ್ತಿನ ಡಬ್ಬಿ, ಒಂಟಿ ಚಪ್ಪಲಿ, ಕಾಲಡಿಯ ಮ್ಯಾಟು ಎಲ್ಲವೂ ಹೋದವು. ಮ್ಯಾಟು ಯಾಕೆ ಎಂದು ಅವಳು ಕೇಳಲಿಲ್ಲ. ಅದು ಜಾರಿ ಪೆಡಲ್ ಅಡಿಗೆ ಸಿಕ್ಕಿಕೊಂಡರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸಲಹೆ: ಟೈರಿಗೆ ಗಾಳಿ ನೋಡಿ, ಚಕ್ರದ ನಟ್ ಬಿಗಿಮಾಡಿ, ಬ್ಯಾಟರಿ ಅಲ್ಲಾಡದಂತೆ ಕಟ್ಟಿ. ಅಲ್ಲಿ ಹೋದ ಮೇಲೆ ಇವನ್ನೆಲ್ಲ ಇನ್ನೊಬ್ಬರು ಅಲ್ಲಾಡಿಸಿ ನೋಡುತ್ತಾರೆ.

ಸಲಹೆ: ಹೆಲ್ಮೆಟ್ ಮೊದಲೇ ಹಾಕಿ ನೋಡಿಕೊಳ್ಳಿ. ಅಕ್ಕನ ತುರುಬು ಒಳಗೆ ಹೋಗಲಿಲ್ಲ. ಬಿಚ್ಚಿ ಜಡೆ ಹಾಕಿಕೊಳ್ಳಬೇಕಾಯಿತು. ಜಡೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರೆ ಶಾಲೆಗೆ ಹೊರಟ ಅಜ್ಜಿಯ ಹಾಗಿದ್ದಳು.

("ಅಜ್ಜಿ ಅಂತ ಬರ್ದೆಯಾ?"

"ಹೋಲಿಕೆ, ಅಕ್ಕ."

"ನಿನ್ನ ಹೋಲಿಕೆ ನಿನ್ ಹತ್ರ ಇಟ್ಕೊ.")

4

(3 ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ಬೆಳಗಿನ ಸೂರ್ಯನ ವರ್ಣನೆ ಇತ್ತು.)

ಮೈದಾನವೆಂದರೆ ಮುಚ್ಚಿಹೋದ ಮಾಲ್ ಒಂದರ ಪಾರ್ಕಿಂಗ್. ಡಾಂಬರಿನ ಮೇಲೆ ಹಳೆಯ ಬಿಳಿ ಗೆರೆಗಳು, ಅವುಗಳ ಮೇಲೆ ಎಲ್ಲೆಲ್ಲೂ ಕೋನ್‌ಗಳು. ಪ್ರತಿ ಕೋನಿನ ಬುಡದ ಸುತ್ತ ಸೀಮೆಸುಣ್ಣದ ಚೌಕ. ಒಂದು ಮೂಲೆಯ ಟೆಂಟಿನಲ್ಲಿ ಟೈಮಿಂಗ್ ಮೇಜು. ಅಲ್ಲಿ ಕೂತು ಇಡೀ ಸ್ಪರ್ಧೆ ನಡೆಸುವ ಹೆಂಗಸನ್ನು ಎಲ್ಲರೂ ಡೆಂಟಿಸ್ಟ್ ಎಂದೇ ಕರೆಯುತ್ತಿದ್ದರು, ವಾರದ ದಿನಗಳಲ್ಲಿ ಅವಳು ಅದೇ ಆಗಿದ್ದರಿಂದ.

ಸ್ಪರ್ಧೆಗೆ ಮುಂಚೆ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಬೇಕು. ಇದು ಸಲಹೆಗಳಲ್ಲೆಲ್ಲ ದೊಡ್ಡ ಸಲಹೆ, ದಪ್ಪಕ್ಷರದಲ್ಲಿ ಹಾಕಿ ಸಂಪಾದಕರೇ. ಅಕ್ಕತಮ್ಮ ಮತ್ತೆ ಮತ್ತೆ ನಡೆದರು.

"ಮಲಗಿಸಿದ ಕೋನಿನ ಚೂಪು ತುದಿ ಎತ್ತ ತೋರಿಸುತ್ತೋ ಆ ಕಡೆಯಿಂದ ಹೋಗ್ಬೇಕು," ಎಂದ ತಮ್ಮ. "ಕಣ್ಣು ಮಾತ್ರ ಕೋನಿನ ಮೇಲೆ ಇಡ್ಬೇಡ. ನೋಡಿದ್ರೆ ಅದಕ್ಕೇ ಹೋಗಿ ಗುದ್ದುತ್ತೀಯ. ಅದರಾಚೆಯದನ್ನ ನೋಡು."

"ಇದನ್ನ ನಾನು ದಿನಾ ಹೇಳೋದು ಕಣೋ."

"ಹೇಳೋದು ಬೇರೆ."

ಬಾಗಿಲಿಗೆ ಕಪ್ಪು ಟೇಪಿನಲ್ಲಿ ನಂಬರ್ ಅಂಟಿಸುವಾಗ ಅವನು ಎರಡು ನಂಬರ್ ಅಂಟಿಸಿದ. ಎರಡ್ಯಾಕೆ ಎಂದು ಕೇಳಿದ್ದಕ್ಕೆ, "ಇಲ್ಲಿ ಹಾಗೇನೇ" ಎಂದ. ಹೊಸಬಳು, ನಂಬಿದಳು.

ಮೊದಲ ಸುತ್ತು. ಹಸಿರು ಬಾವುಟ ಬಿದ್ದಿತು. ಅಕ್ಕ ಕನ್ನಡಿ ನೋಡಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇಂಡಿಕೇಟರ್ ಹಾಕಿ ಹೊರಟಳು. ಸಾಲು ಕೋನ್‌ಗಳ ನಡುವೆ ಹಾವಿನಂತೆ ಹೋಗಬೇಕಾದಲ್ಲಿ ಪ್ರತಿ ಕೋನಿಗೂ ಒಂದು ಇಂಡಿಕೇಟರ್, ಎಡ, ಬಲ, ಎಡ. ಟೆಂಟಿನಲ್ಲಿ ನಗು ಎದ್ದಿತು.

"ಯಾರಿಗೆ ಕೊಡ್ತಿದ್ದೀಯ ಸಿಗ್ನಲ್ಲು?"

"ಅಭ್ಯಾಸ."

"ಬ್ರೇಕ್ ಬಿಡು. ಅದೇನು ತವರು ಮನೆಯಾ, ಹೊತ್ತು ಹೊತ್ತಿಗೆ ಹೋಗೋಕೆ?"

ಆಗ ಅಕ್ಕನ ಕಣ್ಣು ಅವನ ಕಾಲಿನ ಮೇಲೆ ಬಿತ್ತು. ಪಕ್ಕದ ಸೀಟಿನಲ್ಲಿ ಅವನ ಬಲಗಾಲು ಬರಿ ನೆಲವನ್ನು ಒತ್ತಿ ಹಿಡಿದಿತ್ತು. ಆ ಸೀಟಿನಲ್ಲಿ ಅವಳು ಕೂತಿದ್ದರೆ ಇಲ್ಲದ ಬ್ರೇಕನ್ನು ಒತ್ತುತ್ತಿದ್ದಳು. ಅವನು ಇಲ್ಲದ ಆಕ್ಸಿಲರೇಟರ್ ಒತ್ತುತ್ತಿದ್ದ.

ಎರಡನೇ ಸುತ್ತಿನಲ್ಲಿ ಅವಳು ದಾರಿ ತಪ್ಪಿದಳು. ತಪ್ಪಿದ್ದು ಗೊತ್ತಾಗದೆ, ಕೋನ್‌ಗಳ ಸಂತೆಯಲ್ಲಿ ಕೈಬಿಟ್ಟ ಮಗುವಿನಂತೆ ಅತ್ತಿತ್ತ ಅಲೆದು, ಹೊರಟ ಜಾಗಕ್ಕೇ ಬಂದು ನಿಂತಳು. ತಮ್ಮ ಹೆಲ್ಮೆಟ್ಟಿನೊಳಗೇ ಮುಖ ಮುಚ್ಚಿಕೊಂಡ.

"ಕೋಣನ ಮುಂದೆ ಕಿನ್ನರಿ ಬಾರಿಸ್ತಾ ಇದೀನಿ," ಎಂದ.

"ಕಿನ್ನರಿ ಕಿವಿ ಹತ್ರ ಇಟ್ಟು ಬಾರಿಸಿದ್ರೆ ಕೋಣಕ್ಕೂ ದಾರಿ ಕಾಣಲ್ಲ. ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊ."

ಮೂರನೇ ಸುತ್ತಿನಲ್ಲಿ ಅವನು ಬಾಯಿ ಮುಚ್ಚಿ ಕೂತ. ಅಕ್ಕ ಕೋನ್ ಬಿಟ್ಟು ಅದರಾಚೆ ನೋಡಿದಳು. ಏನಾಯಿತೋ, ಕಾರು ತಾನೇ ಬಾಗಿತು, ತಾನೇ ಎದ್ದಿತು. ತೋಳು ಎಳೆಯುತ್ತಿರಲಿಲ್ಲ, ಕಾಲು ಬ್ರೇಕನ್ನು ಹುಡುಕುತ್ತಿರಲಿಲ್ಲ. ಕೊನೆಯ ತಿರುವಿನಿಂದ ಹೊರಬಂದಾಗ ತಾನು ನಗುತ್ತಿದ್ದೇನೆಂದು ಅವಳಿಗೆ ತಿಳಿದದ್ದು ಹೆಲ್ಮೆಟ್ಟು ಕೆನ್ನೆಗೆ ಒತ್ತಿದ್ದರಿಂದ.

ತಮ್ಮ "ಹೂಂ" ಎಂದ. ಅಷ್ಟೇ. ಆದರೆ ಅವನು ಆಚೆ ತಿರುಗಿ ಕಣ್ಣೊರೆಸಿಕೊಂಡ.

ಬರೆಯುವವನು ಇಲ್ಲಿಗೇ ನಿಲ್ಲಿಸಬಹುದಿತ್ತು. ಸಂಪಾದಕರಿಗೂ ಖುಷಿ, ನಿಮಗೂ ಖುಷಿ. ಆದರೆ ಅಕ್ಕನಿಗೆ ಬಾಯಾರಿತ್ತು. ನೀರಿಗೆಂದು ಟೆಂಟಿಗೆ ಹೋದಳು.

5

"ಮೇಡಂ, ಆ ಸುತ್ತು ಚೆನ್ನಾಗಿತ್ತು," ಎಂದಳು ಡೆಂಟಿಸ್ಟ್. ಒಂದು ನೀಲಿ ಕಾಗದದ ಪಟ್ಟಿಯನ್ನು ಮುಂದಿಟ್ಟಳು, ಓಡಿಸುವವರು ಮಣಿಕಟ್ಟಿಗೆ ಸುತ್ತಿಕೊಳ್ಳುವಂಥದ್ದು. ಅಕ್ಕನ ಕೈಯಲ್ಲಿ ಅಂಥದ್ದೊಂದು ಆಗಲೇ ಇತ್ತು. "ಇದು ನಿಮ್ಮ ತಮ್ಮಂದು. ಮುಂದಿನ ಗುಂಪಲ್ಲಿ ಅವರು ಓಡಿಸ್ಬೇಕಲ್ಲ, ಬ್ಯಾಂಡ್ ತಗೊಂಡೇ ಹೋಗಿಲ್ಲ."

ಬಾಗಿಲ ಮೇಲಿನ ಎರಡನೇ ನಂಬರ್ ಯಾರದ್ದೆಂದು ಅಕ್ಕನಿಗೆ ಈಗ ಗೊತ್ತಾಯಿತು.

ತಮ್ಮ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿಗೆ ಅಂಗೈ ಇಟ್ಟು ಬಿಸಿ ನೋಡುತ್ತಿದ್ದ. ಅಕ್ಕ ಪಟ್ಟಿಯನ್ನು ಅವನ ಮುಖದ ಮುಂದೆ ಹಿಡಿದಳು.

"ಇದೇನು?"

ಅವನು ಎದ್ದು ನಿಂತ. "ಒಂದೇ ಒಂದು ಸುತ್ತು ಅಕ್ಕ. ಒಂದು ನಿಮಿಷಾನೂ ಆಗಲ್ಲ."

"ಡಾಕ್ಟ್ರು ಏನಂದಿದ್ರು?"

"ರಸ್ತೇಲಿ ಬೇಡ ಅಂತ. ಇದು ರಸ್ತೆ ಅಲ್ಲ. ಎದುರಿಗೆ ಬರೋ ಕಾರಿಲ್ಲ, ಗೋಡೆ ಇಲ್ಲ. ಬರೀ ಪ್ಲಾಸ್ಟಿಕ್ಕು."

ಅಕ್ಕ ಮೈದಾನದ ಕಡೆ ನೋಡಿದಳು. ಪ್ರತಿ ತಿರುವಿನಲ್ಲೂ ಹಳದಿ ಜಾಕೆಟ್ ತೊಟ್ಟವರು ನಿಂತಿದ್ದರು. ಬಿದ್ದ ಕೋನ್ ಎತ್ತಿಡುವವರು ಅವರು. ಒಬ್ಬಳು ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದಳು. ಒಬ್ಬ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ.

"ಅವರೂ ಪ್ಲಾಸ್ಟಿಕ್ಕಾ?"

ಅವನು ಅಂಗೈಗೆ ಹತ್ತಿದ ಟೈರಿನ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ನಿನ್ನ ಜೀವನ ಪೂರ್ತಿ ಬೇರೆಯವರ ಕಾರಿಗೆ ಬ್ರೇಕ್ ಒತ್ತಿದ್ದೀಯ. ನನ್ನ ಕಾರಿನದೊಂದು ಉಳಿದಿತ್ತು. ಒತ್ತಿಬಿಡು. ಆಫೀಸಲ್ಲಿ ಫೋನ್ ಎತ್ತಿ ಎತ್ತಿ ಸಾಯ್ತೀನಿ ಬಿಡು."

'ಅಕ್ಕನ ಕೈ ನಡುಗಿತು. ನಿಧಾನವಾಗಿ ಅವಳು ಕೀ ತೆಗೆದು ಅವನ ಅಂಗೈಯಲ್ಲಿಟ್ಟಳು. ತಮ್ಮ ಹಾರಿದ, ಗಾಳಿಯಂತೆ, ಕೊನೆಯ ಬಾರಿ...'

("ನಿಲ್ಸು," ಎಂದಳು ಅಕ್ಕ.

"ಅಕ್ಕ, ಇದು ಒಳ್ಳೇ ಕೊನೆ. ಓದೋರ ಕಣ್ಣು ಒದ್ದೆ ಆಗುತ್ತೆ."

"ಒದ್ದೆ ಆಗ್ಬೇಕಾದ್ರೆ ಈರುಳ್ಳಿ ಹೆಚ್ಚೋಕೆ ಹೇಳು. ನಾನು ಕೀ ಕೊಡಲ್ಲ."

"ನನಗಂತೂ ಈ ಕೊನೆ ಇಷ್ಟ ಆಯ್ತು," ಎಂದ ತಮ್ಮ.

"ನೀನು ಸುಮ್ನಿರೋ.")

ಆದದ್ದು ಇಷ್ಟು. ಅಕ್ಕ ಕೀಯನ್ನು ಮುಷ್ಟಿಯಲ್ಲಿ ಹಿಡಿದು ಟೆಂಟಿಗೆ ವಾಪಸ್ ನಡೆದಳು. ತಮ್ಮ ಹಿಂದೆಯೇ ಬಂದ, "ಅಕ್ಕ, ಬೇಡ, ಇಲ್ಲಿ ಬೇಡ" ಎನ್ನುತ್ತ. ಟೈಮ್ ಕೇಳಲು ಮೇಜಿನ ಮುಂದೆ ನಿಂತಿದ್ದವರೆಲ್ಲ ಅವನ ಗೆಳೆಯರು. ಅವರಲ್ಲಿ ಒಬ್ಬರಿಗೂ ಅವನು ವಿಷಯ ಹೇಳಿರಲಿಲ್ಲ. ಬೆನ್ನು ನೋವು ಎಂದಿದ್ದ.

"ನನ್ನ ತಮ್ಮನಿಗೆ ಫಿಟ್ಸ್ ಇದೆ," ಎಂದಳು ಅಕ್ಕ. "ಅವನ ನಂಬರ್ ತೆಗೀರಿ."

ಪಕ್ಕಕ್ಕೆ ಕರೆದು ಪಿಸುಗುಟ್ಟಬಹುದಿತ್ತು. ಅವಳಿಗೆ ಅದು ಹೊಳೆದದ್ದು ಮಾತು ಬಾಯಿಂದ ಬಿದ್ದ ಮೇಲೆ. ಸಾಲಿನಲ್ಲಿದ್ದವರು ತಮ್ಮ ತಮ್ಮ ಶೂ ನೋಡಿಕೊಂಡರು. ಯಾರದೋ ಹೆಲ್ಮೆಟ್ಟು ಕೈಯಿಂದ ಕೈಗೆ ಬದಲಾಯಿತು. ಡೆಂಟಿಸ್ಟ್ ಕಂಪ್ಯೂಟರಿನಲ್ಲಿ ಏನನ್ನೋ ಅಳಿಸಿದಳು. ಆಮೇಲೆ ತಮ್ಮನನ್ನು ನೋಡಿ, ದಿನಾ ಮಾತಾಡುವ ದನಿಯಲ್ಲೇ ಕೇಳಿದಳು: "ಮೂರನೇ ತಿರುವಲ್ಲಿ ಒಬ್ಬರು ಕಡಿಮೆ ಇದಾರೆ. ಜಾಕೆಟ್ ಹಾಕ್ಕೊಂಡು ಹೋಗ್ತೀರಾ?"

ತಮ್ಮ ಜಾಕೆಟ್ ತೆಗೆದುಕೊಂಡ. ಅಕ್ಕನ ಕಡೆ ನೋಡದೆ ನಡೆದ.

6

ಅವಳ ನಾಲ್ಕನೇ ಸುತ್ತು ಬಾಕಿ ಇತ್ತು. ಬಿಟ್ಟು ಮನೆಗೆ ಹೋಗೋಣ ಎನಿಸಿತು. ಆದರೆ ಅವನು ಮೂರನೇ ತಿರುವಿನಲ್ಲಿ ನಿಂತಿದ್ದಾನೆ, ಅವನನ್ನು ಬಿಟ್ಟು ಹೋಗುವುದು ಹೇಗೆ?

ಪಕ್ಕದ ಸೀಟು ಖಾಲಿ. ಬಾವುಟ ಬಿದ್ದಾಗ ಅವಳು ಇಂಡಿಕೇಟರ್ ಹಾಕಲಿಲ್ಲ. ಸಿಟ್ಟಿನಲ್ಲಿ ಹೊರಟಳು. ಯಾರ ಮೇಲೆ ಎಂದು ಕೇಳಿದರೆ ಪಟ್ಟಿ ದೊಡ್ಡದು: ಡಾಕ್ಟರು, ಮಾತ್ರೆ, ಕಂಪನಿ, ತಮ್ಮ, ತನ್ನ ಬಾಯಿ. ಮೊದಲ ತಿರುವು ಸಲೀಸಾಗಿ ಹೋಯಿತು, ಎರಡನೆಯದೂ. ಮೂರನೆಯದಕ್ಕೆ ಬರುತ್ತ ಹಳದಿ ಜಾಕೆಟ್ ಕಂಡಿತು. ಕೋನಿನಾಚೆ ನೋಡಬೇಕಾದವಳು ಅವನ ಮುಖ ನೋಡಿದಳು. ಹಿಂದಿನ ಚಕ್ರಕ್ಕೆ ಮೆತ್ತಗೆ ಏನೋ ತಗುಲಿತು.

ಮುಗಿಯುವ ಗೆರೆ ದಾಟಿ, ಕಾರು ನಿಲ್ಲಿಸಿ, ತಿರುಗಿ ನೋಡಿದಳು. ಕೋನ್ ಬಿದ್ದಿರಲಿಲ್ಲ, ಸರಿದಿತ್ತು. ಬುಡ ಚೌಕದ ಗೆರೆಯನ್ನು ಒಂದಿಷ್ಟು ಮುಟ್ಟಿಕೊಂಡಿದ್ದರೂ ಸಾಕು, ದಂಡವಿಲ್ಲ. ಪೂರ್ತಿ ಆಚೆ ಹೋಗಿದ್ದರೆ ಎರಡು ಸೆಕೆಂಡ್. ಅದನ್ನು ಹೇಳಬೇಕಾದವನು ಹತ್ತಿರ ನಿಂತವನು.

ತಮ್ಮ ಕೋನಿನ ಬಳಿಗೆ ಓಡಿಬಂದ. ಮಂಡಿಯೂರಿದ. ಆಮೇಲೆ ಎರಡೂ ಕೈ ಊರಿ, ಕೆನ್ನೆ ಡಾಂಬರಿಗೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಇಡೀ ಮೈದಾನ ಕಾಯುತ್ತಿತ್ತು. ಎದ್ದು ವಾಕಿಟಾಕಿ ಬಾಯಿಗಿಟ್ಟುಕೊಂಡ. ಟೆಂಟಿನ ಸ್ಪೀಕರಿನಲ್ಲಿ ಅವನ ದನಿ ಕೇಳಿಸಿತು, ತಣ್ಣಗೆ, ಸ್ಪಷ್ಟವಾಗಿ: "ಮೂರನೇ ತಿರುವು. ಒಂದು ಕೋನ್. ಗೆರೆ ಪೂರ್ತಿ ದಾಟಿದೆ."

ಬರೆಯುವವನು ಇಲ್ಲಿ ಕುರ್ಚಿಯಲ್ಲಿ ನೆಟ್ಟಗೆ ಕೂತ. ಅವಳು ಅವನ ಬಗ್ಗೆ ನಿಜ ಹೇಳಿದಳು, ಅವನು ಅವಳ ಕೋನಿನ ಬಗ್ಗೆ ನಿಜ ಹೇಳಿದ. ಎಂಥ ಸಮತೋಲ, ಎಂಥ...

("ಕೋನ್ ದಾಟಿತ್ತು, ದಾಟಿತ್ತು ಅಂದ," ಎಂದಳು ಅಕ್ಕ. "ಅದರಲ್ಲಿ ನೀನು ಏನು ಹುಡುಕ್ತಿದ್ದೀಯ?"

ಬರೆಯುವವನಿಗೆ ತಲೆ ಚಿಟ್ಟು ಹಿಡಿದಿದೆ. ಅರ್ಥ ಕೊಟ್ಟರೆ ಇವಳು ಬಿಡುವುದಿಲ್ಲ, ಕೊಡದಿದ್ದರೆ ನೀವು ಬಿಡುವುದಿಲ್ಲ.)

7, ಅಥವಾ ಕೊನೆಗಳು

ಅ) ತಮ್ಮ ಜಾಕೆಟ್ ಕಿತ್ತೆಸೆದು ಓಡಿಬಂದು ಅಕ್ಕನನ್ನು ತಬ್ಬಿಕೊಂಡ. (ಅಕ್ಕ: "ಡ್ಯೂಟಿ ಬಿಟ್ಟು ಬರೋ ಹಾಗಿಲ್ಲ. ಬಂದಿದ್ರೆ ನಾನೇ ವಾಪಸ್ ಕಳಿಸ್ತಿದ್ದೆ.")

ಆ) ಆ ದಿನದ ನಂತರ ಅವರು ಮಾತಾಡಲೇ ಇಲ್ಲ. (ಅಕ್ಕ: "ಒಂದೇ ಮನೇಲಿ ಒಂದೇ ಗ್ಯಾಸ್ ಸಿಲಿಂಡರು. ಮಾತಾಡ್ದೆ ಹೇಗಿರ್ತಾರೆ?")

ಇ) ವರ್ಷ ಕಳೆದು, ಡಾಕ್ಟರು ನಕ್ಕು, ಕೀ ಮತ್ತೆ ತಮ್ಮನ ಕೈಗೆ. (ಇದನ್ನು ಬರೆಯುತ್ತಿದ್ದಂತೆ ಅಕ್ಕ ಏನೂ ಹೇಳಲಿಲ್ಲ. ತಮ್ಮನೂ ಹೇಳಲಿಲ್ಲ. ಅದೇ ಬರೆಯುವವನಿಗೆ ಸರಿ ಕಾಣಲಿಲ್ಲ.)

ನಡೆದದ್ದನ್ನು ಬರೆಯುವುದಾದರೆ ಹೀಗೆ. ಸಂಜೆ ಕೋನ್‌ಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಲಾರಿಗೆ ತುಂಬಿದ ಮೇಲೆ ಅಕ್ಕತಮ್ಮ ಮನೆಗೆ ಹೊರಟರು. ಅಕ್ಕ ಓಡಿಸುತ್ತಿದ್ದಳು. ತಮ್ಮ ಪಕ್ಕದಲ್ಲಿ. ಬರೆಯುವವನು ಹಿಂದಿನ ಸೀಟಿನಲ್ಲಿ, ಯಾರೂ ಕರೆಯದೆ. ಗೋದಾಮುಗಳ ಸಾಲು ದಾಟಿದ ಮೇಲೆ ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ, "ಎಲ್ಲರ ಮುಂದೆ ಹೇಳ್ಬಾರ್ದಿತ್ತು" ಎಂದಳು.

"ಎಲ್ಲರ ಮುಂದೆ ಹೇಳ್ದೇ ಇದ್ದಿದ್ರೆ ನಾನು ಓಡಿಸ್ತಿದ್ದೆ," ಎಂದ ತಮ್ಮ.

ಮತ್ತೊಂದಿಷ್ಟು ದೂರ.

"ಅಕ್ಕ."

"ಹೇಳು."

"ಮತ್ತೆ ಬಂತು. ಹೋದ ವಾರ, ಸ್ನಾನಕ್ಕೆ ಹೋದಾಗ. ಸಾಬೂನು ಜಾರಿ ಬಿದ್ದೆ ಅಂದಿದ್ನಲ್ಲ."

ಅಕ್ಕ ಥಟ್ಟನೆ ನಿಲ್ಲಿಸಲಿಲ್ಲ. ಹಿಂದಿನ ಲಾರಿಯನ್ನು ಮುಂದೆ ಹೋಗಲು ಬಿಟ್ಟು, ಒಂದು ಮುಚ್ಚಿದ ಅಂಗಡಿಯ ಮುಂದೆ ಕಾರನ್ನು ಬದಿಗೆ ತಂದು, ಎಂಜಿನ್ ಆರಿಸಿದಳು. ಹೋದ ವಾರ ಬಂದಿತ್ತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇವನು ಇವತ್ತು ಆ ಜನರ ನಡುವೆ ಓಡಿಸಲು ಹೊರಟಿದ್ದ. ಬೈಯಲು ಅವಳ ಬಾಯಿ ತೆರೆಯಿತು. ಮುಚ್ಚಿತು.

ಬರೆಯುವವನು ಮುಂದಕ್ಕೆ ಬಾಗಿದ.

"ನೀನು ಇಳಿ," ಎಂದಳು ಅಕ್ಕ.

"ಅಕ್ಕ, ಇದು ಮುಖ್ಯವಾದ ಜಾಗ."

"ಅದಕ್ಕೇ ಇಳಿ ಅಂದಿದ್ದು."

ಇಳಿದ. ಇಳಿದೊಡನೆ ಅವಳು ನಾಲ್ಕೂ ಕಿಟಕಿಗಳ ಗಾಜು ಏರಿಸಿದಳು.

ಈಗ ಅವನು ರಸ್ತೆಯ ಬದಿಯಲ್ಲಿ ನಿಂತಿದ್ದಾನೆ. ನಿಮ್ಮನ್ನೂ ಇಲ್ಲೇ ನಿಲ್ಲಿಸಿದ್ದಕ್ಕೆ ಅವನಿಗೆ ಬೇಸರವಿದೆ, ಆದರೆ ಬಾಗಿಲು ಒಳಗಿನಿಂದ ಲಾಕ್ ಆಗಿದೆ. ಲಾರಿಗಳು ಹೋಗುತ್ತಿವೆ, ಒಂದು ಪದವೂ ಕೇಳಿಸುತ್ತಿಲ್ಲ. ಗಾಜಿನಾಚೆ ತಮ್ಮ ಮಾತಾಡುತ್ತಿದ್ದಾನೆ. ಕೈಯಾಡಿಸುತ್ತಾನೆ, ನಿಲ್ಲಿಸುತ್ತಾನೆ, ಕಿಟಕಿಯ ಕಡೆ ತಿರುಗುತ್ತಾನೆ, ಮತ್ತೆ ಶುರುಮಾಡುತ್ತಾನೆ. ಅಕ್ಕನ ಎರಡೂ ಕೈಗಳು ಸ್ಟೀರಿಂಗ್ ಬಿಟ್ಟು ಮಡಿಲಲ್ಲಿ ಬಿದ್ದಿವೆ. ಅವಳು ನಡುವೆ ಬಾಯಿ ಹಾಕುತ್ತಿಲ್ಲ.